ಎಕ್ಸ್‌ರೇ ನೋಡಿ ಪ್ಲೇಟ್ ಕೊಡುವ ದಾವಣಗೆರೆಯ ಹಲ್ಲಿನ ಕ್ಲಿನಿಕ್
ಕೆಳದವಡೆ ಹಿಂದೆ ಉಳಿದ ಮಕ್ಕಳಿಗೆ ಇಲ್ಲಿ ಬರೀ ವಯಸ್ಸು ಕೇಳಿ ಪ್ಲೇಟ್ (ಕೆಳದವಡೆ ಮುಂದೆ ತರಲು ಬಾಯಲ್ಲಿ ಹಾಕಿಕೊಳ್ಳುವ ಸಾಧನ) ಕೊಡುವುದಿಲ್ಲ. ತಲೆಯ ಪಕ್ಕದ ಎಕ್ಸ್‌ರೇ ತೆಗೆದು ಕತ್ತಿನ 2, 3, 4ನೇ ಮೂಳೆಗಳ ಆಕಾರ ನೋಡುತ್ತಾರೆ. ಸರಿಯಾದ ಕ್ರಮ ಅದೇ, ಬೆಳವಣಿಗೆ ಯಾವ ಹಂತದಲ್ಲಿದೆ ಎಂದು ಆ ಆಕಾರದಿಂದ ತಿಳಿಯುತ್ತದೆ. ಹರೆಯದ ಹಾರ್ಮೋನು ಏರುವಾಗಲೇ ಕೆಳದವಡೆ ಜೋರಾಗಿ ಬೆಳೆಯುವುದು. ಹುಡುಗಿಯರಲ್ಲಿ ಸುಮಾರು 2 ವರ್ಷ ಮೊದಲೇ. ಮೂಳೆ ಬಲಿಯಲು ಮುಖ್ಯ ಕಾರಣ ಈಸ್ಟ್ರೋಜೆನ್. ಹುಡುಗರಲ್ಲೂ ಅಷ್ಟೇ, ಟೆಸ್ಟೋಸ್ಟೆರಾನ್‌ನ ಒಂದು ಪಾಲು ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಮಗಳು ದೊಡ್ಡವಳಾಗಿ ವರ್ಷ ಕಳೆದ ಮೇಲೆ ಟ್ವಿನ್ ಬ್ಲಾಕ್ (ಮೇಲೊಂದು, ಕೆಳಗೊಂದು ಇರುವ ಇಂಥದೇ ಪ್ಲೇಟ್) ಹಾಕಿಸಿದರೆ ದವಡೆಗಿಂತ ಹಲ್ಲೇ ಹೆಚ್ಚು ಸರಿಯುತ್ತದೆ, ಕೆಳಗಿನ ಮುಂಬಲ್ಲು ಹೊರಬಾಗುತ್ತದೆ.

ಒಂದೇ ಕೊರತೆ: ಪ್ಲೇಟ್ ಊಟದ ಹೊತ್ತಿನಲ್ಲೂ ಹಾಕಿರಬೇಕು, ರಾತ್ರಿಯಷ್ಟೇ ಸಾಲದು ಎಂಬುದನ್ನು ಬಾಯಲ್ಲಿ ಹೇಳುತ್ತಾರೆ. ಚೀಟಿಯಲ್ಲಿ ಬರೆಸಿಕೊಳ್ಳಿ.