ಥಾರ್‌ಗೆ ಹಾಕಿಸಿದ 9500 ಪೌಂಡ್ ವಿಂಚ್: ಕೆಲವು ಮಳೆಗಾಲ ಬಳಸಿದ ಮೇಲೆ

ಗಾಡಿ ಮುಂದೆ ಕೂರಿಸಿ, ಹೂತ ಗಾಡಿಗಳನ್ನು ಹಗ್ಗ ಸುತ್ತಿ ಎಳೆಯುವ ಈ ಮೋಟರ್ ಯಂತ್ರ, ಅಂದರೆ ವಿಂಚ್, ಚೆನ್ನಾಗಿದೆ. ಅದರ ಜೊತೆ ಡಬ್ಬದಲ್ಲಿ ಬಂದ ಕರೆಂಟ್ ಕೇಬಲ್ ಚೆನ್ನಾಗಿಲ್ಲ. ಕೊಳ್ಳುವವರು ಮೊದಲು ಇದನ್ನು ತಿಳಿದುಕೊಳ್ಳಲಿ.

ನಮ್ಮ ಜಮೀನು ಪಾಂಡವಪುರದ ಕಡೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಗದ್ದೆ ದಾರಿಯೆಲ್ಲ ಕೆಸರು. ನಮ್ಮ ಗಾಡಿಯೂ ಹೂತುಕೊಳ್ಳುತ್ತದೆ, ಅಕ್ಕಪಕ್ಕದವರ ಪಿಕಪ್ ಕೂಡ. 9500 ಪೌಂಡ್ ಅಂದರೆ ಸುಮಾರು 4300 ಕೆಜಿ. ಆದರೆ ಹಗ್ಗ ಸುತ್ತಿಕೊಳ್ಳುವ ಡ್ರಮ್ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಿದ್ದಾಗಷ್ಟೇ ಆ ಲೆಕ್ಕ. ಪದರ ಜಾಸ್ತಿಯಾದಷ್ಟೂ ಎಳೆತ ಕಡಿಮೆಯಾಗುತ್ತದೆ. ಹಾಗಾಗಿ ನಾನು ಹಗ್ಗ ಉದ್ದಕ್ಕೆ ಬಿಟ್ಟು, ಪುಲ್ಲಿ ಹಾಕಿ ಎಳೆಯುತ್ತೇನೆ. ವೇಗ ಅರ್ಧವಾಗುತ್ತದೆ, ಆದರೆ ಮೋಟರ್ ಮೇಲಿನ ಹೊರೆಯೂ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ.

ಈಗ ವೈರಿಂಗ್ ವಿಷಯ. ಕೆಸರಲ್ಲಿ ಜೋರಾಗಿ ಎಳೆಯುವಾಗ ಈ ಮೋಟರ್ 300 ಆಂಪ್ಸ್ ಸಲೀಸಾಗಿ ಎಳೆದುಕೊಳ್ಳುತ್ತದೆ. ಆಲ್ಟರ್ನೇಟರ್ ಅಷ್ಟು ಕೊಡಲಾರದು, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು. ಅದಕ್ಕೇ ಇಂಜಿನ್ ಓಡುತ್ತಿರಬೇಕು, ನಡುನಡುವೆ ಬಿಡುವು ಕೊಡಬೇಕು. ಕಿಟ್‌ನಲ್ಲಿ ಬಂದ 16 ಚದರ ಮಿ.ಮೀ. ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್ ಎಂದುಕೊಂಡರೆ, ಆ ಕರೆಂಟಿಗೆ ಸುಮಾರು 1.3 ವೋಲ್ಟ್ ಕೇಬಲ್‌ನಲ್ಲೇ ಹೋಗುತ್ತದೆ. ಬ್ಯಾಟರಿಯೂ ಆಗ ಇಳಿದಿರುತ್ತದೆ, ಅಲ್ವಾ? ಎಳೆತ ಕುಗ್ಗುವುದು ಸಣ್ಣ ತೊಂದರೆ. ಅಪಾಯ ಇರುವುದು ಕಾಂಟ್ಯಾಕ್ಟರ್‌ನಲ್ಲಿ, ಅಂದರೆ ರಿಮೋಟ್ ಒತ್ತಿದಾಗ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್‌ನಲ್ಲಿ. ವೋಲ್ಟೇಜ್ ಕಡಿಮೆಯಾದರೆ ಅದರ ಕಾಯಿಲ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಪಟಪಟ ಬಡಿದುಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಕಿಡಿ. ಕೊನೆಗೆ ಒಳಗಿನ ತಾಮ್ರದ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ರಿಮೋಟ್ ಬಟನ್ ಬಿಟ್ಟರೂ ಡ್ರಮ್ ನಿಲ್ಲುವುದಿಲ್ಲ.

ನನಗೆ ಇದೇ ಆಯಿತು. ಪಕ್ಕದ ಜಮೀನಿನವರ ಪಿಕಪ್ ಎಳೆಯುತ್ತಿದ್ದೆ. ಗಾಡಿ ದಡಕ್ಕೆ ಬಂತು, ಬಟನ್ ಬಿಟ್ಟೆ, ಹಗ್ಗ ಸುತ್ತಿಕೊಳ್ಳುತ್ತಲೇ ಇತ್ತು. ಬ್ಯಾಟರಿಯಿಂದ ಬರುವ ಕರೆಂಟನ್ನೇ ಕಡಿಯುವ ಐಸೊಲೇಟರ್ ಸ್ವಿಚ್ ತಿರುಗಿಸಿದ ಮೇಲಷ್ಟೇ ನಿಂತಿತು. ಆ ಸ್ವಿಚ್ ಕಿಟ್‌ನಲ್ಲಿ ಇರಲಿಲ್ಲ. ಮೈಸೂರಿನ ಬನ್ನಿಮಂಟಪದ ಕಡೆಯ ಎಲೆಕ್ಟ್ರಿಷಿಯನ್ ಹಟ ಹಿಡಿದು ಹಾಕಿದ್ದರು. "ಇದಿಲ್ದೆ ನಾನ್ ವಿಂಚ್ ಕಟ್ಟಲ್ಲ ಅಣ್ಣಾ" ಅಂದಿದ್ದರು. ಅವರಿಗೆ ನಾನು ಸದಾ ಋಣಿ. ಸ್ವಿಚ್ ಇರುವುದು ಡ್ರೈವರ್ ಬದಿಯ ಫೆಂಡರ್ ಹತ್ತಿರ. ಬಾನೆಟ್ ಎತ್ತದೆ, ಹಗ್ಗದ ನೇರಕ್ಕೆ ಹೋಗದೆ ಕೈಗೆ ಸಿಗುತ್ತದೆ. ಬಳಸದಿದ್ದಾಗ ಅದು ಯಾವಾಗಲೂ ಆಫ್. ಬ್ಯಾಟರಿ ಮೇಲಿನ ದಪ್ಪ ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ ಗತಿ, ಹಾಗಾಗಿ ಸ್ವಿಚ್ಚನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇರಿಸಿದ್ದಾರೆ.

ಆಮೇಲೆ ಕಾಂಟ್ಯಾಕ್ಟರ್ ಜೊತೆ ಕೇಬಲ್ ಕೂಡ ಬದಲಾಯಿಸಿದೆವು. 35 ಚದರ ಮಿ.ಮೀ. ತಾಮ್ರದ ವೆಲ್ಡಿಂಗ್ ಕೇಬಲ್, ತುದಿಯ ಲಗ್‌ಗಳನ್ನು (ಬೋಲ್ಟ್‌ಗೆ ಸಿಕ್ಕಿಸುವ ಲೋಹದ ಬಳೆಗಳನ್ನು) ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿಸಿದ್ದು. ಅರ್ತ್ ಕೇಬಲ್ ಚಾಸಿಗೆ ಅಲ್ಲ, ನೇರ ಬ್ಯಾಟರಿಯ ನೆಗೆಟಿವ್‌ಗೆ. ರಿಮೋಟ್ ವೈರಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಬೇರೆ ಸ್ವಿಚ್, ಸಣ್ಣ ಫ್ಯೂಸ್. ವೈರ್‌ಲೆಸ್ ರಿಮೋಟ್ ಜೇಬಿನಲ್ಲಿ ಒತ್ತಿಹೋದರೂ ಏನೂ ಆಗುವುದಿಲ್ಲ. ಈಗ ಅದೇ ಕೆಸರು, ಅದೇ ಗಾಡಿಗಳು, ಕಾಂಟ್ಯಾಕ್ಟರ್ ಒಂದೇ ಸಲ ಟಕ್ ಅಂತ ಹಿಡಿಯುತ್ತದೆ.

ಸಿಂಥೆಟಿಕ್ ಹಗ್ಗ ಹಗುರ, ಕಡಿದರೆ ಉಕ್ಕಿನ ತಂತಿಯಷ್ಟು ಬೀಸಿ ಹೊಡೆಯುವುದಿಲ್ಲ. ಆದರೂ ಮೇಲೆ ಒದ್ದೆ ಗೋಣಿಚೀಲ ಹಾಕುತ್ತೇನೆ, ಹತ್ತಿರ ಯಾರನ್ನೂ ನಿಲ್ಲಿಸುವುದಿಲ್ಲ. ಕೆಸರಿನ ಮರಳು ಎಳೆಗಳೊಳಗೆ ಸೇರಿ ಸವೆಸುತ್ತದೆ, ತೊಳೆಯಲೇಬೇಕು.

ಮೋಟರ್, ಗೇರ್, ಬ್ರೇಕ್ ಬಗ್ಗೆ ದೂರಿಲ್ಲ. ಈಗ ರಿಮೋಟ್ ಸಾಕೆಟ್‌ನ ರಬ್ಬರ್ ಮುಚ್ಚಳ ಸೀಳಿದೆ. ಮುಚ್ಚಳ ಮಾತ್ರ ಸಿಗಲ್ಲ, ಇಡೀ ಕಂಟ್ರೋಲ್ ಬಾಕ್ಸ್ ತೆಗೆದುಕೊಳ್ಳಿ ಎನ್ನುತ್ತಾರೆ. ಕೇಬಲ್‌ಗೆ ಒಂದು, ಇದಕ್ಕೆ ಒಂದು, ಒಟ್ಟು ಎರಡು ಸ್ಟಾರ್ ಕಳೆದು ಮೂರು ಕೊಡುತ್ತಿದ್ದೇನೆ.