ಪೀಚೆಕತ್ತಿ ಚೀಲದಲ್ಲಿಟ್ಟುಕೊಂಡು ಮೆಟ್ರೊ ಹತ್ತಲು ಹೋಗಬೇಡಿ

ಕೊಡಗಿನಿಂದ ಬೆಂಗಳೂರಿನ ಮದುವೆಗೆ ಹೊರಟವರು ಇದನ್ನು ದಯವಿಟ್ಟು ಓದಿ.

ತಂಗಿಯ ಮಗನ ಮದುವೆ ವಸಂತನಗರದ ಕೊಡವ ಸಮಾಜದಲ್ಲಿತ್ತು. ವಿರಾಜಪೇಟೆಯಿಂದ ಬಂದ ನಾನು ಕೆಂಗೇರಿಯಲ್ಲಿ ಬಸ್ ಇಳಿದೆ. 2021ರಲ್ಲಿ ಮೆಟ್ರೊದ ನೇರಳೆ ಮಾರ್ಗ ಅಲ್ಲಿಯವರೆಗೆ ಬಂದ ಮೇಲೆ ನಮ್ಮ ಕಡೆಯವರು ಹಲವರು ಹೀಗೆಯೇ ಮಾಡುತ್ತಾರೆ. ಊರೊಳಗಿನ ವಾಹನ ದಟ್ಟಣೆ ತಪ್ಪುತ್ತದೆ, ನೆಲದಡಿಯ ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ವಸಂತನಗರ ದೂರವಲ್ಲ.

ಚೀಲದಲ್ಲಿ ಕುಪ್ಯ ಎಂಬ ನಿಲುವಂಗಿ, ಸೊಂಟಕ್ಕೆ ಸುತ್ತುವ ಚೇಲೆ, ಅದಕ್ಕೆ ಸಿಕ್ಕಿಸುವ ಕಿರುಗತ್ತಿ, ಅಂದರೆ ಅಜ್ಜನ ಪೀಚೆಕತ್ತಿ. ತಪಾಸಣಾ ಯಂತ್ರದ ಪರದೆಯಲ್ಲಿ ಕತ್ತಿ ಎದ್ದು ಕಂಡಿತು. ಕಾವಲಿನ ಹುಡುಗಿ, "ಇದನ್ನು ಒಳಗೆ ಬಿಡುವುದಿಲ್ಲ ಸರ್" ಎಂದಳು. ಮದುವೆಯ ಉಡುಗೆಯ ಭಾಗ ಎಂದೆ, ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದಲೇ ವಿನಾಯಿತಿ ಇದೆ ಎಂದೂ ಹೇಳಿದೆ. ಆ ವಿನಾಯಿತಿಗೂ ಮೆಟ್ರೊ ನಿಯಮಕ್ಕೂ ಸಂಬಂಧವಿಲ್ಲ. ಅವಳದು ತಪ್ಪಲ್ಲ.

ತಪ್ಪು ನಡೆದದ್ದು ಆಮೇಲೆ. ಮೆಟ್ಟಿಲ ಕೆಳಗೆ ನನ್ನ ಪೇಚಾಟ ನೋಡುತ್ತಿದ್ದ ಚಹಾ ಗಾಡಿಯವನು, "ಇಲ್ಲಿ ಇಟ್ಟು ಹೋಗಿ, ಸಂಜೆ ಒಯ್ಯಿರಿ, ಇನ್ನೂರು ಕೊಡಿ ಸಾಕು" ಎಂದ. ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಪತ್ರಿಕೆಯಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಸಂಜೆ ಬಂದಾಗ ಅಲ್ಲಿ ಗಾಡಿಯೇ ಇರಲಿಲ್ಲ. ಮರುದಿನ ಬೇರೊಬ್ಬ ನಿಂತಿದ್ದ; ಅಂಥವನು ಯಾರೂ ತನಗೆ ಗೊತ್ತಿಲ್ಲ ಎಂದ.

ದೂರು ಕೊಡಲು ಹೋದಾಗ ಪೊಲೀಸರು ಕೇಳಿದ್ದು ಫೋಟೊ. ಮನೆಯಲ್ಲೆಲ್ಲ ಹುಡುಕಿದೆವು. ಸಿಕ್ಕಿದ್ದು ಒಂದೇ, ಅಣ್ಣನ ಮದುವೆಯದು. ಅದರಲ್ಲಿ ಚೇಲೆಯ ಮಡಿಕೆಯಿಂದ ಹಿಡಿ ಮಾತ್ರ ಹೊರಗೆ ಕಾಣುತ್ತದೆ. ಮೂರು ತಲೆಮಾರು ಸೊಂಟಕ್ಕೆ ಸಿಕ್ಕಿಸಿಕೊಂಡ ಕತ್ತಿಯನ್ನು ನಾವು ಒಮ್ಮೆಯೂ ಮೇಜಿನ ಮೇಲಿಟ್ಟು ಚಿತ್ರ ತೆಗೆದಿರಲಿಲ್ಲ. ಅವ್ವ ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವು.

ಆದ್ದರಿಂದ ಪೀಚೆಕತ್ತಿ, ಅಗಲ ಅಲಗಿನ ಒಡಿಕತ್ತಿ ಏನಿದ್ದರೂ ಒರೆಯಲ್ಲಿದೆ ಎಂದು ನಂಬಿ ಮೆಟ್ರೊಗೆ ಹೋಗಬೇಡಿ. ನೆಂಟರ ಕಾರಿನಲ್ಲಿ ಮೊದಲೇ ಕಳುಹಿಸಿ, ಇಲ್ಲವೇ ಕೆಂಗೇರಿಯಿಂದಲೇ ಆಟೊ ಮಾಡಿ. ಆಟೊ ಬಾಡಿಗೆಗೆ ಹಿಂದೆಮುಂದೆ ನೋಡಬೇಡಿ. ತಡೆದರೆ ಮನೆಯವರಿಗೆ ಫೋನ್ ಮಾಡಿ, ಅವರು ಬರುವವರೆಗೆ ಅಲ್ಲೇ ನಿಲ್ಲಿ. ಮುಹೂರ್ತ ತಪ್ಪಿದರೂ ಸರಿ, ಗುರುತಿಲ್ಲದವರ ಕೈಗೆ ಕೊಡಬೇಡಿ. ಇವತ್ತೇ ಫೋಟೊ ತೆಗೆದಿಡಿ, ಎರಡೂ ಬದಿಯದು.

ನಮ್ಮದರ ಒರೆಯ ತುದಿಯಲ್ಲಿ ಬೆಳ್ಳಿ ತಗಡು ಜಜ್ಜಿಹೋಗಿದೆ, ಸರಪಳಿಯ ಒಂದು ಕೊಂಡಿಯ ಜಾಗದಲ್ಲಿ ತಾಮ್ರದ ತಂತಿ ಸುತ್ತಿದೆ. ಅಂಥದ್ದು ಯಾರಾದರೂ ಮಾರಲು ತಂದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.