ಲವ್ ಬರ್ಡ್ಸ್ ಪಂಜರದ ಸೆಟ್: ಕನ್ನಡಿ, ಕುಡಿಕೆ ಮೊದಲು ಹೊರಗೆ ತೆಗೆಯಿರಿ

ನಮ್ಮ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿ ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜರಿಗಾರ್. ಅದರ ಜೊತೆ ಕೊಡುವ ಗುಮ್ಮಟದ ಪಂಜರದ ಸೆಟ್‌ನಲ್ಲಿ ಒಂದೇ ದಪ್ಪದ ಎರಡು ಪ್ಲಾಸ್ಟಿಕ್ ಕಡ್ಡಿ, ಕನ್ನಡಿ, ಉಯ್ಯಾಲೆ, ಮಣ್ಣಿನ ಕುಡಿಕೆ, ಕಾಳಿನ ಬಟ್ಟಲು ಇರುತ್ತವೆ. ನೋಡುವವರಿಗೆ ಪುಟ್ಟ ಮನೆಯಂತೆ ಕಾಣಿಸಬೇಕೆಂದೇ ಜೋಡಿಸಿದ ಸೆಟ್ ಇದು. ಹಕ್ಕಿಗೆ ಬೇಕಾದದ್ದು ಇದರಲ್ಲಿ ಕಡಿಮೆ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಕಂಬಿಗಳ ನಡುವಿನ ಅಂತರ 12 ಮಿ.ಮೀ. ಮೀರದಿದ್ದರೆ ತಲೆ ಸಿಕ್ಕಿಕೊಳ್ಳುವ ಭಯವಿಲ್ಲ. ತಳದ ತಟ್ಟೆ ಜಾರಿಸಿ ತೆಗೆಯಬಹುದು, ತೊಳೆಯಲು ಸುಲಭ. ಉಯ್ಯಾಲೆಯೂ ಇರಲಿ.

ದೊಡ್ಡ ತಕರಾರು ಕನ್ನಡಿಯದು. ಒಂಟಿ ಹಕ್ಕಿಗೆ ಒಬ್ಬ ಗೆಳೆಯನಿರಲಿ ಎಂಬ ಕನಿಕರದಿಂದ ಅದನ್ನು ಇಡುತ್ತಾರೆ. ಹಕ್ಕಿಗೆ ಅಲ್ಲಿ ಕಾಣುವುದು ಇನ್ನೊಂದು ಹಕ್ಕಿ. ಆದರೆ ಅದು ಗರಿ ನೇವರಿಸುವುದಿಲ್ಲ, ಕಾಳು ಹಂಚಿಕೊಳ್ಳುವುದಿಲ್ಲ. ಗಂಡು ಹಕ್ಕಿ ಅದನ್ನೇ ಸಂಗಾತಿಯೆಂದುಕೊಂಡು, ತಿಂದ ಕಾಳನ್ನು ಮತ್ತೆ ಮತ್ತೆ ಕಕ್ಕಿ ಗಾಜಿಗೆ ತಿನ್ನಿಸಲು ನೋಡುತ್ತದೆ. ಕೈ ಹತ್ತಿರ ತಂದರೆ ಕಚ್ಚುವುದೂ ಉಂಟು. ಇದು ಸಂತೋಷದ ಆಟವಲ್ಲ. ಬಜರಿಗಾರ್ ಹಿಂಡಿನ ಹಕ್ಕಿ, ಅದಕ್ಕೆ ಬೇಕಾದದ್ದು ಇನ್ನೊಂದು ಬಜರಿಗಾರ್. ಎರಡು ಗಂಡು ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ, ಎರಡು ಹೆಣ್ಣು ಜಗಳಕ್ಕೆ ಬೀಳುವುದು ಹೆಚ್ಚು. ಬೆಳೆದ ಗಂಡಿನ ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆಗಳಿರುವ ಭಾಗ ನೀಲಿ, ಹೆಣ್ಣಿನದು ಕಂದು; ಕೆಲವು ಬಣ್ಣದ ತಳಿಗಳಲ್ಲಿ ಮಾತ್ರ ಈ ಗುರುತು ನಂಬುವಂತಿಲ್ಲ.

ಕುಡಿಕೆ ಇನ್ನೂ ಅಪಾಯ. ‘ಬೆಚ್ಚಗೆ ಮಲಗಲಿ’ ಎಂದು ಇಡುವವರು ಗಮನಿಸಬೇಕು: ಈ ಹಕ್ಕಿ ಮಲಗುವುದು ಕೊಂಬೆಯ ಮೇಲೆ ಕೂತು. ಪೊಟರೆಗೆ ಹೋಗುವುದು ಮೊಟ್ಟೆಯಿಡಲು. ಕತ್ತಲೆಯ ಕುಡಿಕೆ ಕಂಡರೆ ಹೆಣ್ಣಿನ ಮೈ ಮೊಟ್ಟೆಗೆ ಸಿದ್ಧವಾಗುತ್ತದೆ. ಬರೀ ಕಾಳು ತಿನ್ನುವ ಹಕ್ಕಿಗೆ ಕ್ಯಾಲ್ಸಿಯಂ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಗರಿ ಉಬ್ಬಿಸಿ ತಳದಲ್ಲಿ ಕೂತು ತಿಣುಕುತ್ತಿದ್ದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಕುಡಿಕೆ ಬೇಡವೇ ಬೇಡ. ಕಟಲ್ ಬೋನ್ (ಕ್ಯಾಲ್ಸಿಯಂಗಾಗಿ ಹಕ್ಕಿ ಕೆರೆದು ತಿನ್ನುವ, ಕಟಲ್ ಮೀನಿನ ಬಿಳಿ ಒಳಚಿಪ್ಪು) ಒಂದು ಸದಾ ತೂಗುತ್ತಿರಲಿ.

ಒಂದೇ ದಪ್ಪದ ಕಡ್ಡಿಯ ಮೇಲೆ ಕೂತರೆ ಭಾರವೆಲ್ಲ ಅಂಗಾಲಿನ ಒಂದೇ ಜಾಗಕ್ಕೆ ಬಿದ್ದು ಹುಣ್ಣಾಗುತ್ತದೆ. ಔಷಧಿ ಹೊಡೆಯದ ಸೀಬೆ ಕೊಂಬೆಯನ್ನು ತೊಳೆದು ಒಣಗಿಸಿ ಹಾಕಿ. 10ರಿಂದ 15 ಮಿ.ಮೀ. ದಪ್ಪ, ಅಂಕುಡೊಂಕಾಗಿದ್ದಷ್ಟೂ ಒಳ್ಳೆಯದು. ಉಗುರು ಸವೆಯಲೆಂದು ಮಾರುವ ಮರಳುಕಾಗದದ ಹೊದಿಕೆ ಅಂಗಾಲನ್ನು ಸವೆಸುತ್ತದೆ.

ಗುಮ್ಮಟದ ಎತ್ತರಕ್ಕೂ ಮಾರುಹೋಗಬೇಡಿ. ಬಜರಿಗಾರ್ ಅಡ್ಡಡ್ಡ ಹಾರುವ ಹಕ್ಕಿ. ಜೋಡಿಗೆ ಕನಿಷ್ಠ 75 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಆಯತಾಕಾರದ ಪಂಜರ ಬೇಕು. ಜೊತೆಗೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನಾ ಹಾರಲು ಬಿಡಿ. ಸತುವಿನ ಲೇಪ ಏಳುತ್ತಿರುವ ತಂತಿಯ ಪಂಜರ ಕೊಳ್ಳಬೇಡಿ, ಹಕ್ಕಿ ಅದನ್ನು ಕಡಿದು ವಿಷವೇರಿಸಿಕೊಳ್ಳುತ್ತದೆ.

ಬಟ್ಟಲಿಗೆ ನವಣೆಯ ಜೊತೆ ಕೊತ್ತಂಬರಿ, ನುಗ್ಗೆಸೊಪ್ಪು, ತುರಿದ ಕ್ಯಾರೆಟ್ ಬೀಳಲಿ. ಬೆಣ್ಣೆಹಣ್ಣು ವಿಷ.

ಈಗಾಗಲೇ ಸೆಟ್ ಕೊಂಡಿದ್ದರೆ ಕನ್ನಡಿ, ಕುಡಿಕೆ, ಕಡ್ಡಿ ತೆಗೆದು ಆಸ್ಪತ್ರೆಗೆ ಒಯ್ಯುವ ಪಂಜರವಾಗಿ ಬಳಸಿ, ಅಷ್ಟಕ್ಕೆ ಸಾಕು. ವಾಸದ ಪಂಜರದ ಒಂದು ಬದಿ ಗೋಡೆಗಿರಲಿ, ರಾತ್ರಿ ಹತ್ತು-ಹನ್ನೆರಡು ತಾಸು ಕತ್ತಲೆ, ಸದ್ದಿಲ್ಲದ ಜಾಗ ಸಿಗಲಿ. ಅಡುಗೆಮನೆಯಲ್ಲಂತೂ ಇಡಬೇಡಿ: ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆಗೆ ಹಕ್ಕಿಗಳು ನಿಮಿಷಗಳಲ್ಲೇ ಸಾಯುತ್ತವೆ.